ಮುಗಿದದ್ದನ್ನು ಹಾಕುವ ಡಬ್ಬಿ

ಆಟಿಸಂ ಇರುವ ಮಕ್ಕಳಿಗಾಗಿ ನಮ್ಮ ಶಾಲೆಯಲ್ಲೇ ಒಂದು ವಿಶೇಷ ತರಗತಿ ಶುರುಮಾಡೋಣ ಎಂದು ತೀರ್ಮಾನವಾದಾಗ ನನಗೆ ಸಿಕ್ಕಿದ್ದು ಹಳೇ ಸ್ಟೋರ್ ರೂಮು. ಮುರಿದ ಬೆಂಚು, ಹರಿದ ಭೂಪಟ ಎಲ್ಲ ಆಚೆ ಹಾಕಿಸಿ, ಬಣ್ಣ ಹೊಡೆಸಿ, ಒಂದು ವಾರ ಕೂತು ಗೋಡೆ ತುಂಬ ಚಾರ್ಟು ಅಂಟಿಸಿದೆ. ಅಕ್ಷರಮಾಲೆ, ಪ್ರಾಣಿಗಳು, ವಾಹನಗಳು. ಸೂರಿನಿಂದ ಕಾಗದದ ಹಕ್ಕಿಗಳನ್ನು ಇಳಿಬಿಟ್ಟಿದ್ದೆ, ಫ್ಯಾನ್ ಹಾಕಿದರೆ ಎಲ್ಲವೂ ಕುಣಿಯುತ್ತಿದ್ದವು. ನೋಡಿದವರೆಲ್ಲ ‘ಎಷ್ಟು ಚೆನ್ನಾಗಿ ಮಾಡಿದ್ದೀರಿ ಮಿಸ್’ ಅಂದರು. ಆರು ಮಕ್ಕಳು ಬಂದರು, ಆರರಿಂದ ಒಂಬತ್ತು ವರ್ಷದವರು. ಮೊದಲ ದಿನ ಅರ್ಧ ಗಂಟೆ ಆಗಿರಲಿಲ್ಲ, ಒಬ್ಬ ಮೇಜಿನ ಕೆಳಗೆ ಸೇರಿದ್ದ, ಇನ್ನೊಬ್ಬ ಬಾಗಿಲಾಚೆ ಓಡಿದ್ದ, ಮತ್ತೊಬ್ಬ ಹಕ್ಕಿಗಳನ್ನು ನೋಡುತ್ತಾ ನಿಂತವನು ಮಧ್ಯಾಹ್ನದವರೆಗೂ ಕದಲಲಿಲ್ಲ. ಆ ಶನಿವಾರ ನಾನೇ ಏಣಿ ಹತ್ತಿ ಹಕ್ಕಿಗಳನ್ನೆಲ್ಲ ಕಿತ್ತೆ.

ವಿಶೇಷ ಶಿಕ್ಷಣದ ತರಬೇತಿ ಆಗಿತ್ತು, ಓದಿ ಪಾಸು ಮಾಡಿದ್ದೆ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಇರುವ ಹನ್ನೊಂದು ಮಕ್ಕಳ ವಿವರ ಬರೆದದ್ದು, ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಬರೆದದ್ದು, ಇವೆಲ್ಲ ಬಾಯಿಪಾಠ. ಸದ್ದು, ಬೆಳಕು, ಸ್ಪರ್ಶ ಇವುಗಳಿಗೆ ಕೆಲವು ಮಕ್ಕಳು ವಿಪರೀತವಾಗಿ ಸ್ಪಂದಿಸುತ್ತಾರೆ, ಕೆಲವರು ಸ್ಪಂದಿಸುವುದೇ ಇಲ್ಲ ಎನ್ನುವುದೂ ಗೊತ್ತಿತ್ತು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಆಟಿಸಂ ಗುರುತಿಸುವ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರ ಐದನೇ ಆವೃತ್ತಿಯಲ್ಲಿ. ದೊಡ್ಡ ಸದ್ದಿಗೆ ಬೆಚ್ಚುವ ಮಕ್ಕಳ ಮಾತು ಕ್ಯಾನರ್ ಬರೆದುದರಲ್ಲೇ ಇದ್ದರೂ ಪಟ್ಟಿಗೆ ಬರಲು ಎಪ್ಪತ್ತು ವರ್ಷ ಹಿಡಿಯಿತು. ಪಟ್ಟಿ ಓದಿದ್ದ ನನಗೆ ನನ್ನದೇ ಕೋಣೆಯಲ್ಲಿ ಅದು ಕಾಣಿಸಲು ಇನ್ನೂ ಒಂದು ವಾರ ಬೇಕಾಯಿತು.

ಏಳು ವರ್ಷದ ಒಬ್ಬಳು ಹುಡುಗಿ ಇದ್ದಕ್ಕಿದ್ದ ಹಾಗೆ ಎರಡೂ ಅಂಗೈಯಿಂದ ಕಿವಿ ಒತ್ತಿ ಹಿಡಿದು ಮುದುಡಿ ಕೂರುತ್ತಿದ್ದಳು. ಮೂರು ದಿನ ನಾನು ನೋಟ್‌ಬುಕ್ಕಿನಲ್ಲಿ ‘ಕಾರಣವಿಲ್ಲದೆ’ ಎಂದು ಬರೆದೆ. ನಾಲ್ಕನೇ ದಿನ ನಮ್ಮ ಆಯಾ ಹೇಳಿದರು: ‘ಮಿಸ್, ಅವಳು ಕಿವಿ ಮುಚ್ಚಿದ ಮೇಲೇ ಬೆಲ್ ಹೊಡೀತದೆ, ನೋಡಿ.’ ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಮತ್ತೆ ಬೆಲ್ಲು ಬರುವುದು ಮೊದಲೇ ಹೇಗೆ ಗೊತ್ತಾಗುತ್ತದೆ? ಮರುದಿನ ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕೂತೆ. ನಮ್ಮಲ್ಲಿ ಬೆಲ್ಲು ಸ್ಪೀಕರಿನಲ್ಲಿ ಬರುವುದು. ಆಫೀಸಿನಲ್ಲಿ ಸ್ವಿಚ್ ಹಾಕಿದ ಕೂಡಲೇ ಸ್ಪೀಕರಿನಿಂದ ಒಂದು ಸಣ್ಣ ‘ಟಕ್’, ಹಿಂದೆಯೇ ತೆಳುವಾದ ಗುಂಯ್ ಸದ್ದು, ಮೂರ್ನಾಲ್ಕು ಸೆಕೆಂಡಿನ ಮೇಲೆ ಬೆಲ್ಲು. ಆ ಟಕ್ ನನ್ನ ಕಿವಿಗೆ ಬಿದ್ದಿದ್ದು ಉಸಿರು ಬಿಗಿಹಿಡಿದು ಕೂತ ಮೇಲೆ. ಅವಳಿಗೆ ಅದು ದಿನಕ್ಕೆ ಒಂಬತ್ತು ಸಲ, ಏನು ಮಾಡುತ್ತಿದ್ದರೂ ಕೇಳುತ್ತಿತ್ತು. ಹೆಡ್‌ಮಾಸ್ಟರ್‌ಗೆ ಹೇಳಿ ನಮ್ಮ ಕೋಣೆಯ ಸ್ಪೀಕರಿನ ತಂತಿ ತೆಗೆಸಿದೆವು. ಅವತ್ತಿನಿಂದ ‘ಕಾರಣವಿಲ್ಲದೆ’ ಎಂದು ಬರೆಯುವುದನ್ನು ಬಿಟ್ಟೆ. ಕಾರಣ ತಿಳಿಯದಿದ್ದರೆ ‘ನನಗೆ ಕಾಣಲಿಲ್ಲ’ ಎಂದು ಬರೆಯುತ್ತೇನೆ.

ಕೋಣೆಯ ಮಿಕ್ಕ ರಿಪೇರಿಯೆಲ್ಲ ಇದೇ ದಾರಿ. ಚೋಕ್ ಗುಯ್‌ಗುಟ್ಟುತ್ತಿದ್ದ ಟ್ಯೂಬ್‌ಲೈಟು ಬದಲಾಯಿತು. ಕುರ್ಚಿ ಕಾಲುಗಳಿಗೆ ಹಳೇ ಟೆನಿಸ್ ಚೆಂಡು ಕೊಯ್ದು ಸಿಕ್ಕಿಸಿದೆವು, ನೆಲಕ್ಕೆ ಉಜ್ಜುವ ಕಿರ್ರ್ ಸದ್ದು ನಿಂತಿತು. ಮಕ್ಕಳು ಕೆಲಸಕ್ಕೆ ಕೂರುವ ಗೋಡೆಯಿಂದ ಚಾರ್ಟುಗಳನ್ನು ಪೂರ್ತಿ ತೆಗೆದೆ. ಪುಸ್ತಕದ ಕಪಾಟುಗಳನ್ನು ಅಡ್ಡ ನಿಲ್ಲಿಸಿ ಕೋಣೆಯನ್ನು ಭಾಗ ಮಾಡಿದೆವು. ಇಲ್ಲಿ ಕೂತರೆ ಕೆಲಸ, ಅಲ್ಲಿ ಚಾಪೆ ಇದ್ದಲ್ಲಿ ಎಲ್ಲರೂ ಸೇರಿ ಹಾಡು, ಆ ಮೂಲೆಯಲ್ಲಿ ದಿಂಬು ಹಾಕಿದ್ದು ಸುಮ್ಮನಿರಲು. ಒಂದು ಜಾಗಕ್ಕೆ ಒಂದೇ ಅರ್ಥ. ಆ ದಿಂಬಿನ ಮೂಲೆಯ ಬಗ್ಗೆ ಒಂದು ನಿಯಮ ಮಾಡಿಕೊಂಡೆವು, ಇವತ್ತಿಗೂ ಮುರಿದಿಲ್ಲ: ಮಗು ತಾನಾಗಿ ಅಲ್ಲಿಗೆ ಹೋಗಬಹುದು, ಕರೆದುಕೊಂಡು ಹೋಗು ಎಂದು ಕೇಳಬಹುದು, ಶಿಕ್ಷೆಯಾಗಿ ಯಾರನ್ನೂ ಅಲ್ಲಿಗೆ ಕಳಿಸುವ ಹಾಗಿಲ್ಲ.

ಇಷ್ಟಾದ ಮೇಲೆ ಕೋಣೆ ಶಾಂತವಾಯಿತು, ಆದರೆ ದಿನ ಶಾಂತವಾಗಲಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗಬೇಕಾದಾಗಲೆಲ್ಲ ಗಲಾಟೆ. ಹಾಡಿನಿಂದ ಏಳಿಸಿದರೆ ಅಳು, ಅಂಗಳದಿಂದ ಒಳಗೆ ಕರೆದರೆ ನೆಲಕ್ಕೆ ಬೀಳುವುದು. ‘ಹಠ’ ಎಂದು ಎಲ್ಲರೂ ಹೇಳುತ್ತಿದ್ದೆವು. ಹಠ ಅಂದುಬಿಟ್ಟರೆ ಮುಂದೆ ಯೋಚಿಸುವ ಕೆಲಸವಿಲ್ಲ, ಅದೊಂದು ಅನುಕೂಲ.

ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಎರಿಕ್ ಶಾಪ್ಲರ್ ಮತ್ತು ಜೊತೆಯವರು 1960ರ ದಶಕದಲ್ಲಿ ಪ್ರಯೋಗವಾಗಿ ಶುರುಮಾಡಿ, 1972ರಿಂದ ಇಡೀ ರಾಜ್ಯಕ್ಕೆ ಹರಡಿದ, ಆಟಿಸಂ ಇರುವ ಮಕ್ಕಳಿಗೆ ಕಲಿಸುವ ‘ಟೀಚ್’ ಎಂಬ ಕ್ರಮವಿದೆ. ನಮ್ಮ ತರಬೇತಿಯಲ್ಲಿ ಅದಕ್ಕೆ ಒಂದು ಮಧ್ಯಾಹ್ನ ಮೀಸಲಿತ್ತು. ಅದರಲ್ಲಿ ನನಗೆ ನೆನಪಿದ್ದದ್ದು ನಾಲ್ಕು ಪ್ರಶ್ನೆ. ಮಗು ಕೂತ ಜಾಗ ನೋಡಿದೊಡನೆ, ಯಾರೂ ಬಾಯಿಬಿಟ್ಟು ಹೇಳದೆ, ಇವಕ್ಕೆ ಉತ್ತರ ಸಿಗಬೇಕು: ಏನು ಕೆಲಸ, ಎಷ್ಟು ಕೆಲಸ, ಮುಗಿಯಿತು ಅಂತ ಹೇಗೆ ತಿಳಿಯುವುದು, ಆಮೇಲೇನು. ನಮ್ಮ ಕೋಣೆಯನ್ನು ಈ ನಾಲ್ಕಕ್ಕೆ ಹಿಡಿದು ನೋಡಿದೆ. ಮೊದಲನೆಯದಕ್ಕೆ ಮಾತ್ರ ಉತ್ತರವಿತ್ತು. ಎಷ್ಟು ಎಂಬುದು ನನ್ನ ಮನಸ್ಸಿನಲ್ಲಿ, ಯಾವಾಗ ಮುಗಿಯುತ್ತದೆ ಎಂಬುದು ನನ್ನ ಕೈಗಡಿಯಾರದಲ್ಲಿ. ಮಗುವಿನ ಕಡೆಯಿಂದ ನೋಡಿದರೆ ಪ್ರತಿ ಕೆಲಸವೂ ಕೊನೆಯಿಲ್ಲದ್ದು, ಆಮೇಲೆ ಇದ್ದಕ್ಕಿದ್ದ ಹಾಗೆ ಯಾರೋ ಬಂದು ಕಿತ್ತುಕೊಳ್ಳುವಂಥದ್ದು.

ಹಾಗೆ ಬಂದದ್ದು ಡಬ್ಬಿ. ಪ್ರತಿ ಮಗುವಿನ ಮೇಜಿನ ಎಡಗಡೆ ಮೂರು ಟ್ರೇ, ಬಲಗಡೆ ನೆಲದ ಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಮೊದಲ ಟ್ರೇಯಲ್ಲಿ ಬಣ್ಣದ ಪ್ರಕಾರ ಬಿಡಿಸಿ ಹಾಕಬೇಕಾದ ಗುಂಡಿಗಳು, ಎರಡನೆಯದರಲ್ಲಿ ನಟ್ಟು ಬೋಲ್ಟು ಜೋಡಿಸುವುದು, ಮೂರನೆಯದರಲ್ಲಿ ಅಕ್ಷರಕ್ಕೆ ಅಕ್ಷರ ಹೊಂದಿಸುವುದು. ಒಂದು ಟ್ರೇ ತೆಗೆದುಕೋ, ಮಾಡು, ಬಲಗಡೆ ಡಬ್ಬಿಗೆ ಹಾಕು. ಎಡಗಡೆ ಖಾಲಿಯಾದರೆ ಮುಗಿಯಿತು. ಡಬ್ಬಿಯ ಮೇಲೆ ಅಂಟಿಸಿದ ಕಾರ್ಡಿನಲ್ಲಿ ಮುಂದೇನು ಎಂಬ ಚಿತ್ರ. ಇಷ್ಟೇ. ಹೇಳಿಕೊಡಲು ಮಾತು ಬಳಸಲಿಲ್ಲ, ಹಿಂದೆ ನಿಂತು ಮಗುವಿನ ಕೈ ಹಿಡಿದು ಎಡದಿಂದ ಬಲಕ್ಕೆ ನಡೆಸಿದೆವು. ಬಾಗಿಲಾಚೆ ಓಡುತ್ತಿದ್ದ ಹುಡುಗ ಎರಡನೇ ವಾರ ಮೂರೂ ಟ್ರೇ ಮುಗಿಸಿ, ಖಾಲಿಯಾದ ಎಡಗಡೆಯನ್ನು ಒಮ್ಮೆ ಕೈಯಿಂದ ಸವರಿ ನೋಡಿದ. ಏನೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡು ಎದ್ದ. ಈಗಲೂ ಹಾಗೆ ಸವರುತ್ತಾನೆ.

ಇನ್ನು ನನ್ನ ತಪ್ಪು. ಅವನು ಬೇಗ ಬೇಗ ಮುಗಿಸುವುದನ್ನು ನೋಡಿ ಒಂದು ದಿನ ನನಗೆ ಆಸೆಯಾಯಿತು. ಹತ್ತು ನಿಮಿಷ ಉಳಿದಿದೆಯಲ್ಲ ಎಂದು ‘ಇನ್ನೊಂದೇ ಒಂದು’ ಅನ್ನುತ್ತಾ ಖಾಲಿ ಜಾಗದಲ್ಲಿ ನಾಲ್ಕನೇ ಟ್ರೇ ಇಟ್ಟೆ. ಅವನು ಟ್ರೇ ನೋಡಿದ, ಡಬ್ಬಿ ನೋಡಿದ, ಎದ್ದು ನಿಂತು ಡಬ್ಬಿಯನ್ನೇ ಬೋರಲು ಹಾಕಿದ. ನೂರಾರು ಗುಂಡಿ, ನಟ್ಟು, ಅಕ್ಷರ ಕೋಣೆಯ ತುಂಬ. ಆಮೇಲೆ ತನ್ನ ಮುಂಗೈ ಕಚ್ಚಿಕೊಂಡ. ಅವನನ್ನು ಸಮಾಧಾನ ಮಾಡಲು ನಲವತ್ತು ನಿಮಿಷ ಆಯಿತು, ಮತ್ತೆ ಆ ಮೇಜಿಗೆ ಕೂರಿಸಲು ಮೂರು ವಾರ. ಆ ಮೂರು ವಾರವೂ ಅವನು ಕೂರುವ ಮುಂಚೆ ನನ್ನ ಕೈ ನೋಡುತ್ತಿದ್ದ, ಹಿಂದೆ ಏನಾದರೂ ಬಚ್ಚಿಟ್ಟುಕೊಂಡಿದ್ದೀನಾ ಅಂತ. ಒಂದು ಟ್ರೇಗೆ ಇಳಿಸಿದೆ. ಒಂದು ಮುಗಿದರೆ ಮುಗಿದದ್ದೇ. ಮಗು ಐದು ನಿಮಿಷಕ್ಕೆ ಮುಗಿಸಿದರೆ ಉಳಿದ ಹತ್ತು ನಿಮಿಷ ಅದರ ಸಂಪಾದನೆ, ನನ್ನದಲ್ಲ. ಕೆಲಸ ಹೆಚ್ಚಿಸಬೇಕಾದರೆ ನಾಳೆ, ಮಗು ಬಂದು ಕೂರುವ ಮೊದಲೇ, ಎಡಗಡೆ ಕಾಣುವ ಹಾಗೆ ಇಡಬೇಕು. ಹೊಸದಾಗಿ ಸೇರುವ ಶಿಕ್ಷಕಿಯರಿಗೆ ನಾನು ಮೊದಲು ಹೇಳುವುದು ಇದನ್ನೇ, ಅವರೂ ಒಂದು ಸಲ ‘ಇನ್ನೊಂದೇ ಒಂದು’ ಅಂದೇ ಕಲಿಯುತ್ತಾರೆ.

ವೇಳಾಪಟ್ಟಿಯ ಕಥೆ ಬೇರೆ. ದಿನದ ಕ್ರಮವನ್ನು ಫೋಟೊಗಳಲ್ಲಿ ತೋರಿಸೋಣ ಎಂದು ನಲ್ಲಿ, ಚಾಪೆ, ಮೇಜು, ಜೋಕಾಲಿ ಎಲ್ಲದರ ಫೋಟೊ ತೆಗೆದು ಲ್ಯಾಮಿನೇಟ್ ಮಾಡಿಸಿ, ಗೋಡೆಯ ಮೇಲೆ ವೆಲ್ಕ್ರೊ ಪಟ್ಟಿಯಲ್ಲಿ ಮೇಲಿಂದ ಕೆಳಕ್ಕೆ ಅಂಟಿಸಿದೆ. ಮಾತೇ ಇರದ ಪುಟ್ಟ ಹುಡುಗನಿಗೆ ಕೈ ತೊಳೆಯುವ ಹೊತ್ತಿನಲ್ಲಿ ನಲ್ಲಿಯ ಫೋಟೊ ಕೊಟ್ಟರೆ ಅವನು ನಲ್ಲಿಯ ಹತ್ತಿರ ಹೋಗದೆ ಕೋಣೆಯೆಲ್ಲ ಹುಡುಕುತ್ತಿದ್ದ. ಎರಡು ದಿನ ನನಗೆ ಅರ್ಥವಾಗಲಿಲ್ಲ. ಮೂರನೇ ದಿನ ಫೋಟೊವನ್ನು ಅವನ ಕೈಯಿಂದಲೇ ತೆಗೆದುಕೊಂಡು ನೋಡಿದೆ. ನಲ್ಲಿಯ ಹಿಂದೆ, ಚಿತ್ರದ ಒಂದು ಮೂಲೆಯಲ್ಲಿ, ನೀಲಿ ಬಕೆಟ್ಟಿನ ಅಂಚು ಬಿದ್ದಿತ್ತು. ಅವನು ಬಕೆಟ್ ಹುಡುಕುತ್ತಿದ್ದ. ನಾನು ನಲ್ಲಿ ತೋರಿಸಿದ್ದೆ, ಅವನು ನೋಡಿದ್ದು ನೀಲಿ. ಆಮೇಲೆ ಎಲ್ಲ ಫೋಟೊಗಳನ್ನೂ ಹಿಂದೆ ಬಿಳಿ ಬಟ್ಟೆ ಹಿಡಿದು ತೆಗೆದೆವು. ಅವನಿಗಂತೂ ಫೋಟೊವೇ ಬೇಡವಾಯಿತು, ವಸ್ತುಗಳನ್ನೇ ಕೊಟ್ಟೆವು. ಜೋಕಾಲಿಗೆ ಹೋಗಬೇಕೆಂದರೆ ಕೈಗೆ ಹಗ್ಗದ ತುಂಡು, ಹಾಡಿಗೆ ಚಾಪೆಯ ತುಂಡು, ಕೈ ತೊಳೆಯಲು ಸೋಪಿನ ಖಾಲಿ ಡಬ್ಬಿ. ಅದೇ ಕೋಣೆಯಲ್ಲಿ ಒಂಬತ್ತು ವರ್ಷದವನೊಬ್ಬ ಐದು ಅಂಕಿಯ ಸಂಖ್ಯೆ ಓದುತ್ತಿದ್ದ, ಅವನಿಗೆ ಬರೆದ ಪಟ್ಟಿ, ಒಂದೊಂದಕ್ಕೂ ಪೆನ್ಸಿಲಿನಿಂದ ಗೀಟು ಹೊಡೆಯುವುದು. ಆರು ಮಕ್ಕಳಿಗೆ ನಾಲ್ಕು ತರಹದ ವೇಳಾಪಟ್ಟಿ. ಒಂದೇ ಚಾರ್ಟು ಗೋಡೆಗೆ ಹಾಕಿ ‘ವಿಷುಯಲ್ ಶೆಡ್ಯೂಲ್ ಮಾಡಿದ್ದೇವೆ’ ಎನ್ನುವ ತರಗತಿಗಳನ್ನು ಬೇಕಾದಷ್ಟು ನೋಡಿದ್ದೇನೆ, ಅದು ತಪಾಸಣೆಗೆ ಬಂದವರಿಗೆ ಮಾಡಿದ ಚಾರ್ಟು.

ವೇಳಾಪಟ್ಟಿಯಿಂದ ಒಂದು ತೊಂದರೆಯೂ ಬಂತು. ಪಟ್ಟಿ ನಂಬಿದ ಮಗುವಿಗೆ ಪಟ್ಟಿ ಬದಲಾದರೆ ಆಕಾಶ ಬಿದ್ದ ಹಾಗೆ. ಅದಕ್ಕೆ ಕೆಂಪು ಅಂಚಿನ ಒಂದು ‘ಬದಲಾವಣೆ’ ಕಾರ್ಡು ಮಾಡಿದೆವು. ಅದನ್ನು ಮೊದಲ ಬಾರಿ ಬಳಸಿದ್ದು ಮಳೆಯಿಂದ ಅಂಗಳ ರದ್ದಾದ ದಿನಕ್ಕಲ್ಲ. ಕೆಲಸದ ಕಾರ್ಡು ತೆಗೆದು ಆ ಜಾಗದಲ್ಲಿ ಜೋಕಾಲಿ ಇಟ್ಟ ದಿನಕ್ಕೆ. ಒಂದು ತಿಂಗಳು ಕೆಂಪು ಅಂಚು ಅಂದರೆ ಒಳ್ಳೆಯ ಸುದ್ದಿಯೇ. ಆಮೇಲೆ ಮೆಲ್ಲಗೆ ಹಾಗೂ ಇಲ್ಲ ಹೀಗೂ ಇಲ್ಲ ಎನ್ನುವಂಥ ಬದಲಾವಣೆ, ಕೊನೆಗೆ ಬೇಡದ ಬದಲಾವಣೆ.

ಟೈಮರ್ ವಿಷಯ ಹೆಚ್ಚು ಹೇಳುವಂತಿಲ್ಲ. ಮರಳಿನ ಗಡಿಯಾರ ಇಟ್ಟರೆ ಅರ್ಧ ತರಗತಿ ಕೆಲಸ ಬಿಟ್ಟು ಮರಳು ನೋಡುತ್ತಾ ಕೂತಿತು, ಒಬ್ಬನಂತೂ ಮುಗಿಯುವ ಮುಂಚೆ ಬೋರಲು ಮಾಡಿಬಿಡುತ್ತಿದ್ದ. ಅದು ತಪ್ಪೆಂದು ಹೇಗೆ ಹೇಳುವುದು, ಬುದ್ಧಿವಂತಿಕೆಯೇ. ಕೆಂಪು ಭಾಗ ಕರಗುತ್ತಾ ಹೋಗುವ ಟೈಮರ್ ತಂದು ಕೈಗೆಟುಕದ ಕಡೆ ಇಟ್ಟೆವು.

ಮಾತಿನ ವಿಷಯ ಇದೆಲ್ಲಕ್ಕಿಂತ ನಿಧಾನ. ಆರರಲ್ಲಿ ಇಬ್ಬರಿಗೆ ಮಾತು ಇರಲಿಲ್ಲ. ಅವರಿಗೆ ಚಿತ್ರ ವಿನಿಮಯದ ಕ್ರಮ ಶುರುಮಾಡಿದೆವು. 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ಪೆಕ್ಸ್ ಎಂಬ ಪದ್ಧತಿ, ಒಟ್ಟು ಆರು ಹಂತ. ಮೊದಲ ಹಂತಕ್ಕೆ ಇಬ್ಬರು ದೊಡ್ಡವರು ಬೇಕು. ಒಬ್ಬರು ಮಗುವಿನ ಎದುರು, ಮಗುವಿಗೆ ಇಷ್ಟವಾದದ್ದನ್ನು ಹಿಡಿದುಕೊಂಡು. ಇನ್ನೊಬ್ಬರು ಹಿಂದೆ. ಮಗು ವಸ್ತುವಿಗೆ ಕೈಚಾಚಿದಾಗ ಹಿಂದಿನವರು ಆ ಕೈಯನ್ನು ಚಿತ್ರದ ಕಡೆಗೆ ತಿರುಗಿಸಿ, ಎತ್ತಿಸಿ, ಎದುರಿನವರ ಅಂಗೈಗೆ ಹಾಕಿಸಬೇಕು. ಹಿಂದಿನವರು ತುಟಿ ಬಿಚ್ಚುವಂತಿಲ್ಲ, ಮಗುವಿಗೆ ಅವರು ಇದ್ದಾರೆಂದೇ ಅನಿಸಬಾರದು. ಎದುರಿನವರೂ ‘ಏನು ಬೇಕು?’ ಎಂದು ಕೇಳುವಂತಿಲ್ಲ, ಶುರುಮಾಡಬೇಕಾದದ್ದು ಮಗು. ಹಿಂದೆ ಕೂರುವ ಕೆಲಸಕ್ಕೆ ನಾನು ನಾಲಾಯಕ್ಕು. ‘ಹಾಂ, ಹಾಂ, ಕೊಡು, ಜಾಣ’ ಎಂದು ಬಾಯಿ ತಾನಾಗಿ ಆಡುತ್ತದೆ, ಇಪ್ಪತ್ತು ವರ್ಷದ ಮೇಷ್ಟ್ರಗಿರಿಯ ಚಾಳಿ. ನಮ್ಮ ಆಯಾ ಮಾತ್ರ ಕಂಬದ ಹಾಗೆ ಕೂತು ಎರಡು ಬೆರಳಲ್ಲಿ ಕೆಲಸ ಮಾಡುತ್ತಿದ್ದರು. ಮೂರನೇ ದಿನ ಆ ಬೆರಳೂ ಬೇಕಾಗಲಿಲ್ಲ. ಗುಳ್ಳೆ ಊದುವ ಸೀಸೆಯ ಚಿತ್ರವನ್ನು ಹುಡುಗ ತಾನೇ ಕಿತ್ತು ನನ್ನ ಕೈಗೆ ಒತ್ತಿದ. ‘ಅಕ್ಕಾ, ನೀವು ಕೈ ಹಾಕಿದ್ರಾ?’ ಎಂದೆ. ‘ಇಲ್ಲ ಮಿಸ್, ನಾನು ಕೈ ಕಟ್ಕೊಂಡಿದೀನಿ’ ಅಂದರು. ತೋರಿಸಿದರು ಕೂಡ.

ಚಿತ್ರ ಕೊಟ್ಟರೆ ಬರುವ ಮಾತೂ ನಿಂತುಹೋಗುತ್ತದೆ ಎಂದು ಅವನ ತಂದೆಗೆ ಭಯ. ಆ ಭಯಕ್ಕೆ ಆಧಾರವಿಲ್ಲ. ಇಂಥ ಸಹಾಯದಿಂದ ಮಾತು ಕುಂಠಿತವಾಗುವುದಿಲ್ಲ ಎಂದೇ ಸಂಶೋಧನೆಗಳು ತೋರಿಸಿವೆ, ಕೆಲವು ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚಿದ್ದೂ ಉಂಟು. ಆದರೆ ತಂದೆಗೆ ಮಾತು ಬಂದೇ ಬರುತ್ತದೆ ಎಂದು ನಾನು ಹೇಳಲಿಲ್ಲ. ‘ಸರ್, ಮಾತು ಬರೋವರೆಗೆ ಅವನು ಕಚ್ಚಿ ಕೇಳಬೇಕಾ?’ ಎಂದಷ್ಟೇ ಕೇಳಿದೆ. ಮನೆಗೊಂದು ಚಿತ್ರದ ಪುಸ್ತಕ ತೆಗೆದುಕೊಂಡು ಹೋದರು.

ಮಾತು ಇದ್ದ ಮಕ್ಕಳ ಕಷ್ಟ ಇನ್ನೊಂದು ತರಹ. ಒಬ್ಬ ಬಾಯಾರಿದಾಗಲೆಲ್ಲ ನನ್ನ ಮುಂದೆ ನಿಂತು ‘ನೀರು ಬೇಕಾ?’ ಎನ್ನುತ್ತಿದ್ದ. ನನಗೆ ಬೇಡಪ್ಪ ಎಂದರೆ ಅಳು. ಕೇಳಿದ ಮಾತನ್ನು ಕೇಳಿದ ಹಾಗೇ ತಿರುಗಿಸಿ ಹೇಳುವುದು, ‘ನಾನು’ ಬರಬೇಕಾದಲ್ಲಿ ‘ನೀನು’ ಬರುವುದು, ಇವೆರಡನ್ನೂ ಕ್ಯಾನರ್ ಆಗಲೇ ಗುರುತಿಸಿದ್ದರು. ಬಹಳ ಕಾಲ ಇದನ್ನು ಅರ್ಥವಿಲ್ಲದ ಗಿಳಿಪಾಠ ಎಂದೇ ತಿಳಿದಿದ್ದರು, 1980ರ ದಶಕದಲ್ಲಿ ಮಾತಿನ ತಜ್ಞ ಬ್ಯಾರಿ ಪ್ರಿಜಾಂಟ್ ಮುಂತಾದವರು ಅದರಲ್ಲಿ ಕೇಳಿಕೆ, ಒಪ್ಪಿಗೆ, ಪ್ರತಿಭಟನೆ ಎಲ್ಲ ಇದೆ ಎಂದು ಬಿಡಿಸಿ ತೋರಿಸಿದರು. ನಮ್ಮ ಹುಡುಗನ ಲೆಕ್ಕ ಸರಿಯಾಗಿಯೇ ಇತ್ತು. ಈ ಸದ್ದು ಬಂದ ಮೇಲೆ ನೀರು ಬರುತ್ತದೆ, ಆದ್ದರಿಂದ ಈ ಸದ್ದೇ ನೀರಿನ ಹೆಸರು. ತಿದ್ದಬೇಕಾದದ್ದು ನಮ್ಮ ಬಾಯಿಯನ್ನು. ಕೋಣೆಯಲ್ಲಿ ‘ಬೇಕಾ?’ ಎನ್ನುವುದನ್ನೇ ನಿಲ್ಲಿಸಿದೆವು. ಲೋಟ ಎತ್ತಿದಾಗ ಅವನ ಪರವಾಗಿ ‘ನೀರು ಬೇಕು’ ಎನ್ನುವುದು, ಕೊಡುವುದು. ಕನ್ನಡದಲ್ಲಿ ಕೊನೆಯ ಒಂದು ಸ್ವರವೇ ತಾನೆ ವ್ಯತ್ಯಾಸ. ಆ ‘ಕಾ’ ‘ಕು’ ಆಗಲು ಎರಡು ತಿಂಗಳು ಹಿಡಿಯಿತು. ಇದೇ ಹುಡುಗ ಹೊರಗೆ ಹೋಗಬೇಕೆನಿಸಿದರೆ ‘ಶೂ ಹಾಕ್ಕೋ ಬೇಗ!’ ಎಂದು ಅವನಮ್ಮನ ದನಿಯಲ್ಲೇ ನನಗೆ ಗದರುತ್ತಾನೆ. ಅದನ್ನು ತಿದ್ದುವ ಮನಸ್ಸು ನನಗಿನ್ನೂ ಬಂದಿಲ್ಲ.

‘ನನ್ನನ್ನ ನೋಡು’ ಎಂದು ಗಲ್ಲ ಹಿಡಿದು ತಿರುಗಿಸುತ್ತಿದ್ದ ಕಾಲವೊಂದಿತ್ತು, ನಮಗೆ ಹಾಗೇ ಕಲಿಸಿದ್ದರು. ಬಿಟ್ಟೆ. ಕಣ್ಣು ನೋಡುವುದೂ ಮಾತು ಕೇಳುವುದೂ ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ ಎಂದು ಆಟಿಸಂ ಇರುವ ದೊಡ್ಡವರೇ ಹೇಳುತ್ತಿರುವಾಗ ನಾನು ಗಲ್ಲ ಹಿಡಿದು ಏನು ಸಾಧಿಸುವುದು?

ಪ್ರತಿ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯಬೇಕು, ಐಇಪಿ. ಮೊದಲ ವರ್ಷದ ನನ್ನ ಐಇಪಿಗಳನ್ನು ಈಗ ಓದಿದರೆ ನಗು ಬರುತ್ತದೆ. ‘ಸಂವಹನ ಸುಧಾರಿಸುವುದು’, ‘ಏಕಾಗ್ರತೆ ಹೆಚ್ಚಿಸುವುದು’. ಸುಧಾರಿಸಿತೋ ಇಲ್ಲವೋ ಯಾರಿಗೆ ಗೊತ್ತು? ಈಗ ಹೀಗೆ ಬರೆಯುತ್ತೇನೆ: ನೀರು ಬೇಕಾದಾಗ ಐದರಲ್ಲಿ ನಾಲ್ಕು ಸಲ, ಯಾರೂ ನೆನಪಿಸದೆ, ಚಿತ್ರ ತೆಗೆದು ಹತ್ತಿರದಲ್ಲಿರುವ ದೊಡ್ಡವರ ಕೈಗೆ ಕೊಡುವುದು. ಹೀಗೆ ಬರೆದರೆ ಆಯಾ ಕೂಡ ಸಂಜೆ ‘ಇವತ್ತು ಮೂರು’ ಎಂದು ಹೇಳಬಲ್ಲರು. ಕಚ್ಚುವುದು, ಹೊಡೆಯುವುದು ನಡೆದ ದಿನ ಮೂರು ಸಾಲು ಬರೆಯುತ್ತೇವೆ. ಮೊದಲು ಏನಿತ್ತು, ಏನಾಯಿತು, ಆಮೇಲೆ ನಾವು ಏನು ಮಾಡಿದೆವು. ಈ ಮೂರನೆಯದು ಕಹಿ. ಒಬ್ಬ ಹುಡುಗ ಕಚ್ಚಿದ ಕೂಡಲೇ ನಾವು ಕೆಲಸ ತೆಗೆದುಬಿಡುತ್ತಿದ್ದೆವು ಎಂದು ನಮ್ಮದೇ ಅಕ್ಷರದಲ್ಲಿ ಹನ್ನೆರಡು ಸಲ ಬರೆದಿತ್ತು. ಕೆಲಸ ಸಾಕಾದರೆ ಕಚ್ಚು ಎಂದು ಕಲಿಸಿದವರು ನಾವೇ. ‘ಸಾಕು’ ಎನ್ನುವ ಕಾರ್ಡೊಂದು ಮೇಜಿನ ಮೇಲೆ ಬಂದಿದ್ದು ಆಗ. ಮೊದಲೆರಡು ವಾರ ಅವನು ದಿನವಿಡೀ ‘ಸಾಕು’ ಕೊಟ್ಟ, ನಾವು ದಿನವಿಡೀ ಒಪ್ಪಿದೆವು. ನೋಡಿದವರಿಗೆ ಇದೊಂದು ಸೋಮಾರಿ ತರಗತಿ ಅನಿಸಿರಬೇಕು. ಕಾರ್ಡಿಗೆ ಬೆಲೆಯಿದೆ ಎಂದು ಅವನಿಗೆ ಗಟ್ಟಿಯಾದ ಮೇಲೆ ‘ಇನ್ನು ಎರಡು, ಆಮೇಲೆ ಸಾಕು’ ಎನ್ನಲು ಸಾಧ್ಯವಾಯಿತು.

ದಾಖಲಾತಿಯ ದಿನ ಒಬ್ಬ ತಾಯಿ ಅರ್ಜಿ ತುಂಬುವುದನ್ನು ಅರ್ಧಕ್ಕೆ ನಿಲ್ಲಿಸಿ, ‘ನಾನು ಕೆಲಸಕ್ಕೆ ಹೋಗ್ತಿದ್ದೆ ಮೇಡಂ, ಅದಕ್ಕೇ ಹೀಗಾಯ್ತಾ?’ ಎಂದು ಕೇಳಿದರು. ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಹೀಗಾಯಿತು ಎಂಬ ವಾದ ಒಂದು ಕಾಲದಲ್ಲಿ ದೊಡ್ಡ ದೊಡ್ಡ ವೈದ್ಯರ ಬಾಯಲ್ಲೇ ಇತ್ತು. 1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್, ಅವರೂ ಆಟಿಸಂ ಇರುವ ಮಗನ ತಂದೆ, ಇದು ನರವ್ಯೂಹಕ್ಕೆ ಸಂಬಂಧಿಸಿದ್ದು, ಸಾಕಿದ ರೀತಿಗಲ್ಲ ಎಂದು ಪುಸ್ತಕ ಬರೆದ ಮೇಲೆ ಆ ವಾದದ ಬುಡ ಅಲುಗಿತು. ಇಂಥ ಶಾಲೆಗಳ ಹುಟ್ಟಿನಲ್ಲೂ ಕೈ ಹಾಕಿದವರು ಹೆತ್ತವರೇ. ಲಂಡನ್ನಿನಲ್ಲಿ ಸಿಬಿಲ್ ಎಲ್ಗರ್ ಎಂಬ ಶಿಕ್ಷಕಿ ತನ್ನ ಮನೆಯ ನೆಲಮಾಳಿಗೆಯಲ್ಲಿ ಕೆಲವು ಮಕ್ಕಳಿಗೆ ಪಾಠ ಶುರುಮಾಡಿದ್ದರು, 1962ರಲ್ಲಿ ಕಟ್ಟಿದ ಹೆತ್ತವರ ಸಂಘ 1965ರಲ್ಲಿ ಅವರಿಗೊಂದು ಶಾಲೆಯನ್ನೇ ಮಾಡಿಕೊಟ್ಟಿತು. ನನ್ನ ಸ್ಟೋರ್ ರೂಮಿನ ಬಗ್ಗೆ ಬೇಸರವಾದಾಗ ಆ ನೆಲಮಾಳಿಗೆ ನೆನಪಾಗುತ್ತದೆ. ಆ ತಾಯಿಗೆ ಇಷ್ಟೆಲ್ಲ ಹೇಳಲಿಲ್ಲ. ‘ಇಲ್ಲಮ್ಮ, ನಿಮ್ಮಿಂದಲ್ಲ’ ಎಂದೆ. ಎರಡು ಸಲ ಹೇಳಿಸಿಕೊಂಡರು.

ಬೇರೆ ಕೋಣೆ ಮಾಡಿದ್ದೇ ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಗೆ ತೂಕವಿದೆ. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ ಸೇರಿದ ದೇಶಗಳು ಎಲ್ಲ ಮಕ್ಕಳಿಗೂ ಸಾಮಾನ್ಯ ಶಾಲೆಯೇ ತೆರೆದಿರಬೇಕು ಎಂದವು. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ತನ್ನ 24ನೇ ವಿಧಿಯಲ್ಲಿ ಅದನ್ನೇ ಹಕ್ಕು ಎಂದಿತು. ನಲವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೂರಿಸಿ, ಅತ್ತರೆ ಹೊರಗೆ ಕರೆದೊಯ್ಯುವುದನ್ನು ಸೇರಿಸಿಕೊಳ್ಳುವುದು ಎನ್ನಲು ನನ್ನಿಂದಾಗದು. ಹಾಗೆಂದು ನನ್ನ ಕೋಣೆಯೇ ಮಗುವಿನ ಪೂರ್ತಿ ಶಾಲೆಯಾದರೆ ಅದೂ ಸೋಲೇ. ಆರನೇ ತಿಂಗಳಿಂದ ಒಬ್ಬೊಬ್ಬರನ್ನಾಗಿ ಸಾಮಾನ್ಯ ತರಗತಿಗೆ ಕಳಿಸತೊಡಗಿದೆವು. ನಾವು ಕಂಡುಕೊಂಡ ಒಂದು ಉಪಾಯ ಕೆಲಸ ಮಾಡಿತು: ಪೀರಿಯಡ್ಡಿನ ಆರಂಭಕ್ಕೆ ಕಳಿಸದೆ ಕೊನೆಯ ಹತ್ತು ನಿಮಿಷಕ್ಕೆ ಕಳಿಸುವುದು. ಶುರುವಿಗೆ ಕಳಿಸಿ ಮಧ್ಯೆ ಎಬ್ಬಿಸಿಕೊಂಡು ಬಂದರೆ ಮಗು ಪ್ರತಿ ಸಲ ಸೋತು ಬಂದ ಹಾಗೆ. ಕೊನೆಗೆ ಹೋದರೆ ಎಲ್ಲರ ಜೊತೆ ಪುಸ್ತಕ ಮುಚ್ಚುತ್ತದೆ, ಎಲ್ಲರ ಜೊತೆ ಏಳುತ್ತದೆ. ಹತ್ತು ಹದಿನೈದಾಗುತ್ತದೆ, ಹದಿನೈದು ಇಪ್ಪತ್ತಾಗುತ್ತದೆ. ಐದು ಅಂಕಿಯ ಹುಡುಗ ಮೊದಲು ಹೋದದ್ದು ಗಣಿತಕ್ಕೆ, ತನಗಿಂತ ಒಂದು ತರಗತಿ ಮೇಲಿನವರ ಜೊತೆ.

ಅವನು ಹೋಗುವ ಹಿಂದಿನ ದಿನ ನಾನು ಆ ತರಗತಿಯ ಮಕ್ಕಳ ಜೊತೆ ಮಾತಾಡಲು ಹೋಗಿದ್ದೆ, ಅವನ ಅಮ್ಮನ ಒಪ್ಪಿಗೆ ತೆಗೆದುಕೊಂಡೇ. ಒಬ್ಬಳು ಕೇಳಿದಳು, ‘ಅವನು ನಮ್ಮ ಜೊತೆ ಯಾಕೆ ಮಾತಾಡಲ್ಲ ಮಿಸ್?’ ನೀನು ಅವನ ಜೊತೆ ಮಾತಾಡಿದ್ದೀಯಾ ಎಂದೆ. ಇಲ್ಲವಂತೆ. ‘ಏನು ಮಾತಾಡಬೇಕು ಗೊತ್ತಾಗಲ್ಲ’ ಎಂದಳು. ಅವನಿಗೂ ಅದೇ ಕಷ್ಟ ಕಣಮ್ಮ ಎಂದೆ. ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವ ಸಮಾಜವಿಜ್ಞಾನಿ, 2012ರಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಬರೆದರು. ಅರ್ಥವಾಗದಿರುವುದು ಎರಡೂ ಕಡೆಯದು, ಒಂದು ಕಡೆಯ ಕೊರತೆ ಅಂತ ಹೇಳಲಾಗದು ಎಂದು. ಹುಡುಗಿ ಮರುದಿನ ಅವನಿಗೆ ಒಂದು ಚೀಟಿ ಕೊಟ್ಟಳು. ಅದರಲ್ಲಿ ಒಂದು ಆರು ಅಂಕಿಯ ಸಂಖ್ಯೆ ಇತ್ತು, ಅಷ್ಟೇ. ಅವನು ಓದಿ, ಏಳು ಅಂಕಿಯದ್ದು ಬರೆದು ವಾಪಸ್ಸು ಕೊಟ್ಟ.

ಕಳೆದ ವರ್ಷ ನಾನು ಎರಡು ವಾರ ರಜೆ ಹಾಕಬೇಕಾಯಿತು. ನಮ್ಮ ಬಾಗಿಲ ಬಳಿ ಇವತ್ತು ಯಾರು ಯಾರು ಬಂದಿದ್ದಾರೆ ಎಂದು ತೋರಿಸುವ ಹಲಗೆಯಿದೆ, ಎಲ್ಲರ ಫೋಟೊ ವೆಲ್ಕ್ರೊದಲ್ಲಿ. ಹೋಗುವ ಗಡಿಬಿಡಿಯಲ್ಲಿ ನನ್ನ ಫೋಟೊ ಏನು ಮಾಡಬೇಕೆಂದು ಯೋಚಿಸಲೇ ಇಲ್ಲ. ಮೊದಲ ದಿನ ಹಲಗೆಯ ಮೇಲೆ ನಾನಿದ್ದೆ, ಕೋಣೆಯಲ್ಲಿರಲಿಲ್ಲ. ಖಾಲಿ ಎಡಗಡೆ ಸವರುವ ಹುಡುಗ ಎರಡೂ ಕಡೆ ನೋಡಿ, ನನ್ನ ಫೋಟೊ ಕಿತ್ತು, ತನ್ನ ಬಲಗಡೆಯ ಡಬ್ಬಿಗೆ ಹಾಕಿದನಂತೆ. ಆಯಾ ಫೋನ್ ಮಾಡಿ ಹೇಳಿದಾಗ ನಕ್ಕೆ. ವಾಪಸ್ಸು ಬಂದ ದಿನ ಅವನು ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗಂಟಿದ. ಆಗ ನಗು ಬರಲಿಲ್ಲ. ಡಬ್ಬಿಗೆ ಹಾಕಿದ್ದು ಮತ್ತೆ ಬರುವುದಿಲ್ಲ ಎಂದು ವರ್ಷಗಟ್ಟಲೆ ಅವನಿಗೆ ಆಣೆ ಇಟ್ಟ ಹಾಗೆ ತೋರಿಸಿಕೊಟ್ಟವಳು ನಾನೇ. ಈಗ ಇಲ್ಲ ಆದರೆ ಬರುತ್ತದೆ ಎನ್ನುವುದನ್ನು ತೋರಿಸಲು ನಮ್ಮ ಕೋಣೆಯಲ್ಲಿ ಒಂದು ಜಾಗವೇ ಇರಲಿಲ್ಲ.

ಆ ವಾರವೇ ಹಲಗೆಯ ಪಕ್ಕ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಜೇಬು ಹೊಲಿಸಿ ಹಾಕಿದೆವು. ಒಳಗಿರುವುದು ಕಾಣುತ್ತದೆ, ಕಣ್ಣಿಂದ ಮರೆಯಾಗುವುದಿಲ್ಲ. ಕೆಳಗೆ ವಾರದ ಏಳು ಚೌಕ, ಒಂದು ದಿನ ಕಳೆದರೆ ಒಂದಕ್ಕೆ ಗೀಟು. ಆಯಾ ತಿಂಗಳಿಗೊಮ್ಮೆ ಊರಿಗೆ ಹೋಗುವಾಗ ತಾವೇ ತಮ್ಮ ಫೋಟೊ ತೆಗೆದು ಅದರಲ್ಲಿ ಇಟ್ಟು, ಅವನಿಂದಲೇ ಚೌಕ ಎಣಿಸಿಸಿ ಹೋಗುತ್ತಾರೆ. ಈಗ ಅದರಲ್ಲಿ ಇರುವುದು ಹಗ್ಗದ ತುಂಡು. ಜೋಕಾಲಿಯ ಕೊಂಡಿ ಸವೆದು ರಿಪೇರಿಗೆ ಹೋಗಿದೆ, ಗುರುವಾರಕ್ಕೆ ಕೊಡುತ್ತೇನೆ ಎಂದಿದ್ದಾರೆ. ಎರಡು ಚೌಕ ಉಳಿದಿವೆ. ಗುರುವಾರ ಬರದಿದ್ದರೆ ಏನು ಮಾಡುವುದೆಂದು ಕೆಂಪು ಅಂಚಿನ ಕಾರ್ಡೊಂದನ್ನು ಮೇಜಿನ ಡ್ರಾಯರಿನಲ್ಲಿ ತೆಗೆದಿಟ್ಟುಕೊಂಡಿದ್ದೇನೆ.